ಪರದೆ ಹಿಂದಿನ ಬಾಟ್ಲಿ

ದುರುಗಕ್ಕನ ಕಣ್ಣಿಗೆ ಬೇಕಾದರೆ ಮಣ್ಣೆರಚಬಹುದು, ಮೂಗಿಗೆ ಎರಚುವುದಕ್ಕಾಗುವುದಿಲ್ಲ. ಹಾಲು ಸೀಯುವ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು. ಮುಚ್ಚಿಟ್ಟ ಪಾತ್ರೆಯಲ್ಲಿ ಸಾರು ಹಳಸಿದ್ದನ್ನು ಬಾಗಿಲಲ್ಲೇ ನಿಂತು ಹೇಳುತ್ತಿದ್ದಳು. ಅಂಥ ಮೂಗಿಗೆ, ಚಳ್ಳಕೆರೆಯ ಮಗಳ ಮನೆಯಲ್ಲಿ ಗಂಟು ಇಳಿಸಿದ ಮೊದಲ ಸಂಜೆಯೇ ಒಂದು ಹುಳಿ ವಾಸನೆ ಬಡಿಯಿತು. ಸಾರಿನದ್ದಲ್ಲ, ಮಜ್ಜಿಗೆಯದ್ದೂ ಅಲ್ಲ. ಆ ವಾಸನೆಯ ಜೊತೆ ಅವಳು ವರ್ಷಗಟ್ಟಲೆ ಸಂಸಾರ ಮಾಡಿದ್ದಳು, ಮರೆಯುವುದೆಲ್ಲಿ ಬಂತು?

ಚೊಚ್ಚಲ ಬಾಣಂತನ ತವರಲ್ಲಿ ಆಗಬೇಕು, ಅದು ರೂಢಿ. ಆದರೆ ರೇಣುಕಳ ಕೂಸು ತೂಕ ಕಡಿಮೆ ಇತ್ತು, ಊರು ಬಿಟ್ಟು ಹೋಗಬೇಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹಾಗಾಗಿ ತವರೇ ಮಗಳ ಮನೆಗೆ ಬಂತು. ಬಾಣಂತಿ ಖಾರ, ಬೆಳ್ಳುಳ್ಳಿ, ಸಾಂಬ್ರಾಣಿ, ಹಳೇ ಸೀರೆಯ ಮೆತ್ತನೆ ತುಂಡುಗಳು, ಇವುಗಳ ಜೊತೆಗೆ ದುರುಗಕ್ಕ, ದುರುಗಕ್ಕನ ಜೊತೆಗೆ ಅವಳ ಮೂಗು.

ಅಳಿಯ ವೀರೇಶ ಎಣ್ಣೆ ಮಿಲ್ಲಿನಲ್ಲಿ ಫಿಟ್ಟರ್. ಮಾತು ಕಡಿಮೆ, ಮೈ ತುಂಬ ಶೇಂಗಾ ಹಿಂಡಿಯ ವಾಸನೆ. ಅವನಿಗಿದ್ದ ಹುಚ್ಚು ಒಂದೇ, ಮೀನು. ನಡುಮನೆಯಲ್ಲಿ ಮೇಜಿನ ಮೇಲೆ ಒಂದು ಗಾಜಿನ ತೊಟ್ಟಿ ಇಟ್ಟಿದ್ದ. ಅದರೊಳಗೆ ಮೀನಿಗಿಂತ ಗಿಡವೇ ಹೆಚ್ಚು: ಗರಿಕೆಯಂಥದು, ಜಡೆಯಂಥದು, ಕೆಂಪು ಎಲೆಯದು. ಮಿಲ್ಲಿನ ಗದ್ದಲದಿಂದ ಬಂದವನು ಕೈಕಾಲು ತೊಳೆದು ಅದರ ಮುಂದೆ ಕೂತರೆ, ದೇವರ ಮುಂದೆ ಕೂತವರೂ ಅಷ್ಟು ಹೊತ್ತು ಕೂರುವುದಿಲ್ಲ. ಕೂರಲಿ ಬಿಡು, ಇಸ್ಪೀಟಿಗೆ ಹೋಗುವುದಕ್ಕಿಂತ ಮೇಲು ಎಂದುಕೊಂಡಿದ್ದಳು ದುರುಗಕ್ಕ.

ಆದರೆ ಆ ಮೇಜಿನ ಕೆಳಗೆ ಒಂದು ಪರದೆ ಇತ್ತು. ಪರದೆ ಇದ್ದ ಮೇಲೆ ಅದರ ಹಿಂದೆ ಏನೋ ಇರಲೇಬೇಕು. ಮಾರನೆಯ ದಿನ ಅಳಿಯ ಕೆಲಸಕ್ಕೆ ಹೋದ ಮೇಲೆ ದುರುಗಕ್ಕ ಕಸ ಗುಡಿಸುವ ನೆಪದಲ್ಲಿ ಪರದೆ ಎತ್ತಿದಳು. ತಂಪು ಪಾನೀಯದ ದೊಡ್ಡ ಪ್ಲಾಸ್ಟಿಕ್ ಬಾಟ್ಲಿ. ಅದರೊಳಗೆ ಕಲಗಚ್ಚಿನ ಬಣ್ಣದ ನೀರು, ಮೇಲೆ ನೊರೆ. ಮುಚ್ಚಳಕ್ಕೆ ತೂತು ಮಾಡಿ ಸಣ್ಣ ಪೈಪು ಸಿಕ್ಕಿಸಿದೆ. ಪೈಪು ಪಕ್ಕದ ಚಿಕ್ಕ ಬಾಟ್ಲಿಗೆ ಹೋಗಿ, ಅಲ್ಲಿ ಬುಳುಕ್ ಬುಳುಕ್ ಎಂದು ಗುಳ್ಳೆ ಬಿಟ್ಟು, ಅಲ್ಲಿಂದ ಮೇಲೆ ತೊಟ್ಟಿಗೆ ಏರಿದೆ. ಅವಳು ಬಗ್ಗಿ ಮೂಸಿದಳು. ಮೂಸಿದವಳು ಅಲ್ಲೇ ನೆಲಕ್ಕೆ ಕೂತಳು.

ದುರುಗಕ್ಕನ ತವರು ಮೊಳಕಾಲ್ಮೂರಿನ ಕಡೆ, ಸಿದ್ದಾಪುರ ದಾಟಿ ಗುಡ್ಡದ ಬುಡದ ಹಟ್ಟಿ. ಅವರ ಕುಲದಲ್ಲಿ ಹೆಂಡ ಕುಡಿಯುವುದಿರಲಿ, ಮುಟ್ಟುವುದೂ ಇಲ್ಲ. ಈಚಲ ಮರಕ್ಕೆ ಕೈ ತಾಗಿಸುವುದಿಲ್ಲ, ಈಚಲ ಚಾಪೆಯ ಮೇಲೆ ಕೂರುವುದಿಲ್ಲ. ಅದರಲ್ಲೂ ಅವಳ ಅಣ್ಣ ಮಾರಣ್ಣ ದೇವರ ಎತ್ತುಗಳನ್ನು ಕಾಯುವ ಕಿಲಾರಿ, ನೇಮದ ಮನುಷ್ಯ. ಇಂಥ ಮನೆಯ ಹೆಣ್ಣನ್ನು ಕೊಟ್ಟದ್ದು ಯತ್ತಪ್ಪನಿಗೆ. ಅವನೂ ಅದೇ ಕುಲದವನು, ಆದರೆ ಕುಲ ಇದ್ದರೆ ಗುಣ ಇರಬೇಕೆಂದು ಎಲ್ಲಿದೆ? ಕದ್ದು ಕುಡಿಯುತ್ತಿದ್ದ. ಕೇಳಿದರೆ ಕೆಮ್ಮಿಗೆ ಕಷಾಯ ಅನ್ನುತ್ತಿದ್ದ. ವಿಷಯ ಹಟ್ಟಿಗೆ ಮುಟ್ಟಿದ ದಿನವೇ ಮಾರಣ್ಣ ತಂಗಿಗೆ ಬಾಗಿಲು ಮುಚ್ಚಿದ. ಹೆಂಡದ ಮನೆಯವಳು ಎತ್ತಿನ ಗೂಡಿನ ಹತ್ತಿರ ಸುಳಿಯುವಂತಿಲ್ಲ. ಹಬ್ಬಕ್ಕಿಲ್ಲ, ಸಾವಿಗಿಲ್ಲ. ಯತ್ತಪ್ಪ ಉಳ್ಳಾರ್ತಿ ಕಾವಲಿನ ಬದಿಯಲ್ಲಿ ಕುಡಿದು ಬಿದ್ದು ಸತ್ತ ಮೇಲೆಯೇ ಅವಳಿಗೆ ಅಣ್ಣನ ಹೊಸ್ತಿಲು ಮತ್ತೆ ಸಿಕ್ಕಿದ್ದು. ಗಂಡ ಸತ್ತದ್ದಕ್ಕೆ ಅಳಬೇಕೋ ತವರು ಸಿಕ್ಕಿದ್ದಕ್ಕೆ ನಗಬೇಕೋ ತಿಳಿಯದೆ ನಿಂತವಳು ಅವಳು. ಅಂಥ ಬಾಳು ಮಗಳಿಗೆ ಬರಬಾರದೆಂದು ಮಾರಣ್ಣನೇ ಹತ್ತು ಕಡೆ ವಿಚಾರಿಸಿ, ಚಟವಿಲ್ಲದ ಹುಡುಗ ಎಂದು ಈ ವೀರೇಶನನ್ನು ಹುಡುಕಿದ್ದ.

"ಏನೇ ಅದು ಮೇಜಿನ ಕೆಳಗೆ?" ಎಂದು ಮಗಳನ್ನು ಕೇಳಿದಳು.

"ಅದಾ? ಗಿಡಕ್ಕೆ ಅವ್ವ. ನೀರೊಳಗಿನ ಗಿಡಕ್ಕೆ."

"ಗಿಡಕ್ಕೆ ಹೆಂಡ ಹೊಯ್ತಾರೇನೇ?"

ರೇಣುಕ ಕೂಸಿಗೆ ಹಾಲು ಕೊಡುತ್ತಿದ್ದವಳು ನಕ್ಕಳು. "ಹೆಂಡ ಅಲ್ಲ ಕಣವ್ವ. ಸಕ್ರೆ ನೀರು, ಈಸ್ಟು. ಬ್ರೆಡ್ಡಿಗೆ ಹಾಕ್ತಾರಲ್ಲ, ಆ ಪುಡಿ."

"ಸಕ್ರೆ ನೀರು ಹುಳಿ ಬಂದ್ರೆ ಏನಾಗ್ತೈತೆ? ನೀನೇ ಹೇಳು."

ಮಗಳು ತಡವರಿಸಿದಳು. "ಅದು... ಆಗ್ತೈತೆ ಅನ್ನು. ಆದ್ರೆ ಅದನ್ನ ಯಾರೂ ಕುಡಿಯಾಕಿಲ್ಲ. ಗಾಳಿ ಮುಗಿದ ಮೇಲೆ ಚೆಲ್ತಾರೆ."

ಚೆಲ್ಲುತ್ತಾರಂತೆ! ಗಂಡನನ್ನು ಕಾಪಾಡುವ ಹೆಂಡತಿ ಹೇಗೆ ತಡವರಿಸುತ್ತಾಳೆ ಎನ್ನುವುದನ್ನು ದುರುಗಕ್ಕನಿಗೆ ಬೇರೆ ಯಾರೂ ಕಲಿಸಬೇಕಿರಲಿಲ್ಲ.

ಸಂಜೆ ರೇಣುಕ ಗಂಡನ ಕಿವಿಗೆ ಹಾಕಿರಬೇಕು. ವೀರೇಶ ತಾನಾಗಿಯೇ ಪರದೆ ಸರಿಸಿ, ಅತ್ತೆಯನ್ನು ಕರೆದು ತೋರಿಸಿದ. ಪಾಪ, ಹುಡುಗ ಚೆನ್ನಾಗಿಯೇ ಹೇಳಿದ.

"ನೋಡ್ರಿ ಅತ್ತೆ, ಈಸ್ಟು ಸಕ್ರೆ ತಿಂತೈತೆ, ಗಾಳಿ ಬಿಡ್ತೈತೆ. ನಾವು ಉಸಿರು ಬಿಟ್ಟಾಗ ಬರ್ತೈತಲ್ಲ, ಅದೇ ಗಾಳಿ. ಬೆಳಕಿದ್ದಾಗ ಗಿಡ ಅದನ್ನ ಎಳ್ಕಂತಾವೆ. ಈ ಸಣ್ಣ ಬಾಟ್ಲಿ ಯಾಕಂದ್ರೆ, ದೊಡ್ಡದ್ರ ನೊರೆ ಉಕ್ಕಿದ್ರೆ ಮೀನಿನ ನೀರಿಗೆ ಹೋಗಬಾರ್ದು, ಇದ್ರಾಗೇ ನಿಲ್ಬೇಕು. ಇಲ್ಲಿ ವಾಲ್ವ್ ಐತೆ, ಮೀನಿನ ನೀರು ವಾಪಸ್ ಇಳಿಯಂಗಿಲ್ಲ."

"ಹೂಂ."

"ಒಂದು ಮಾತು ನೆನಪಿರ್ಲಿ. ಇದ್ರ ಬಾಯಿ ಯಾವತ್ತೂ ಬಿಗಿಯಾಗಿ ಮುಚ್ಚಬಾರ್ದು, ಗಾಳಿಗೆ ದಾರಿ ಇರ್ಲೇಬೇಕು. ಗಾಜಿನ ಬಾಟ್ಲಿಯಂತೂ ಬ್ಯಾಡವೇ ಬ್ಯಾಡ, ಸಿಡೀತೈತೆ. ನೀವು ಮುಟ್ಟಾಕೆ ಹೋಗಬ್ಯಾಡ್ರಿ."

ಅಷ್ಟೂ ಮಾತಿನಲ್ಲಿ ದುರುಗಕ್ಕನ ಕಿವಿಗೆ ಬಿದ್ದದ್ದು ಕೊನೆಯದೊಂದೇ. ಮುಟ್ಟಬೇಡಿ. ಯತ್ತಪ್ಪನೂ ಹಾಗೇ ಅನ್ನುತ್ತಿದ್ದ, ಮುಟ್ಟಬ್ಯಾಡ, ಕಷಾಯ ಕೆಡ್ತೈತೆ ಎಂದು. ಅವಳ ಮುಖ ನೋಡಿ ವೀರೇಶ ಸೋತ ನಗೆ ನಕ್ಕ.

"ನನ್ ಪಾಡು ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದಂಗಾತು ಬಿಡ್ರಿ."

"ಮಜ್ಜಿಗೆ ಕುಡಿಯೋರು ಈಚಲ ಮರದ ಕೆಳಗ್ಯಾಕೆ ಹೋಗ್ತಾರಪ್ಪ?" ಅಂದಳು ದುರುಗಕ್ಕ.

ಅನುಮಾನಂ ಪೆದ್ದ ರೋಗಂ ಎಂದು ಆ ಕಡೆಯವರು ತೆಲುಗಿನಲ್ಲೇ ಹೇಳುವುದು. ಅನುಮಾನದ ಆ ದೊಡ್ಡ ರೋಗ ಹಿಡಿದರೆ ಎದುರಿನವನು ಕೆಮ್ಮಿದ್ದೂ ತಪ್ಪು, ಕೆಮ್ಮದಿದ್ದದ್ದೂ ತಪ್ಪು. ದುರುಗಕ್ಕ ಕೂಸಿಗೆ ಎಣ್ಣೆ ಹಚ್ಚುತ್ತಲೇ, ಬೆಳ್ಳುಳ್ಳಿ ಸುಲಿಯುತ್ತಲೇ ಅಳಿಯನ ಮೇಲೆ ಕಣ್ಣಿಡತೊಡಗಿದಳು. ದಿನಾ ದೀಪ ಹಚ್ಚುವ ಹೊತ್ತಿಗೆ ಅವನು ತೊಟ್ಟಿಯ ಬೆಳಕು ಆರಿಸುತ್ತಿದ್ದ. ಆಮೇಲೆ ಕುಕ್ಕರಗಾಲಲ್ಲಿ ಕೂತು, ಇವಳಿಗೆ ಬೆನ್ನು ಮಾಡಿ, ನೀರಿನಿಂದ ಪೈಪು ಎತ್ತಿ ಕೈಯಲ್ಲಿ ಹಿಡಿಯುತ್ತಿದ್ದ. ತಲೆ ಬಗ್ಗುತ್ತಿತ್ತು. ಎಳನೀರಿಗೆ ಕೊಳವೆ ಹಾಕಿಕೊಂಡು ಕುಡಿಯುವವರು ಬಗ್ಗುವುದೂ ಹಾಗೇ ತಾನೇ? ಆಮೇಲೆ ಗುರ್ರ್ ಎನ್ನುವ ಒಂದು ಪುಟ್ಟ ಮೋಟಾರು ಹಾಕುತ್ತಿದ್ದ. ರೇಣುಕಳನ್ನು ಕೇಳಿದರೆ, ಕತ್ತಲಾದ ಮೇಲೆ ಗಿಡಕ್ಕೆ ಆ ಗಾಳಿ ಬೇಡ, ನೀರಲ್ಲಿ ಅದು ಜಾಸ್ತಿಯಾದರೆ ಮೀನು ಉಸಿರು ಕಟ್ಟಿ ಮೇಲೆ ಬಂದು ಬಾಯಿ ಬಿಡುತ್ತವೆ, ಅದಕ್ಕೆ ಪೈಪು ಆಚೆ ತೆಗೆದು ಒಳ್ಳೆ ಗಾಳಿಯ ಮೋಟಾರು ಹಾಕುತ್ತಾರೆ ಅಂದಳು.

ಕತ್ತಲಾದ ಮೇಲೆ ಗಿಡಕ್ಕೆ ಬೇಡವಂತೆ, ಇವನಿಗೆ ಬೇಕಾಗುತ್ತದೆ ಎಂದುಕೊಂಡಳು ದುರುಗಕ್ಕ.

ಇಷ್ಟಾದರೂ ಅವಳು ಬಾಯಿ ಕಟ್ಟಿಕೊಂಡಿದ್ದಳು. ಬಾಯಿ ಬಿಡಿಸಿದ್ದು ಒಂದು ಫೋನು. ಒಂದು ಬೆಳಿಗ್ಗೆ ವೀರೇಶ ಹಳೆಯದನ್ನು ಹಿತ್ತಲಲ್ಲಿ ಚೆಲ್ಲಿ ಬಾಟ್ಲಿಗೆ ಹೊಸದು ಕಲಸಿದ. ಚೆಲ್ಲುವಾಗ ಅಂಗಿಯ ಮೇಲೆ ಸಿಡಿದಿತ್ತು, ಹತ್ತಿರ ಬಂದರೆ ಗಬ್ಬೆನ್ನುತ್ತಿದ್ದ. ಅದೇ ಅಂಗಿಯಲ್ಲಿ ಮೀನಿನ ಅಂಗಡಿಯ ಗೆಳೆಯನಿಗೆ ಫೋನು ಹಚ್ಚಿದ.

"ಲೇ ಶಹನವಾಜ್, ಈ ಸಲದ್ದು ಭಾರಿ ಜೋರೈತೆ ಕಣಲೇ. ಹಾಕ್ತಿದ್ದಂಗೇ ಶುರುವಾತು. ಸಂಜಿಕೆ ಬಾ, ನೀನೂ ನೋಡೀವಂತೆ."

ಶಹನವಾಜ್ ಎಂದರೆ ಪೈಪು, ವಾಲ್ವು, ಮೀನು ಮಾರುವವನು. ಹೆಂಡದಂಗಡಿ ಇರುವ ಬೀದಿಯಲ್ಲಿ ಹಾಯಲೂ ಒಪ್ಪದ ಮನುಷ್ಯ. ಅದು ದುರುಗಕ್ಕನಿಗೂ ಗೊತ್ತಿತ್ತು. ಆದರೆ ಗೊತ್ತಿರುವುದನ್ನೆಲ್ಲ ಆ ಹೊತ್ತಿಗೆ ಅವಳು ಗೋಣಿಗೆ ತುಂಬಿ ಬಾಯಿ ಹೊಲಿದಿದ್ದಳು. ಅಳಿಯ ಮಿಲ್ಲಿಗೆ ಹೋದದ್ದೇ ತಡ, ಅಣ್ಣನಿಗೆ ಫೋನು ಮಾಡಿದಳು.

"ಅಣ್ಣ, ನಮ್ಮ ರೇಣುಕನ ಬಾಳು ನನ್ನ ಬಾಳಿನಂಗೇ ಆತು. ಗಂಡ ಮನೆಯಾಗೇ ಹೆಂಡ ಕಾಯಿಸ್ತಾನೆ. ಬಂದು ಹುಡುಗೀನ ಕರ್ಕಂಡು ಹೋಗು."

ಮಾರಣ್ಣ ತಡೆದು ಮಾತಾಡುವವನು. "ಏಮ್ಮಾ, ಗಾಳಿ ಮಾತಿಗೆ ಮನೆ ಮುರಿಯಾಕಿಲ್ಲ ನಾನು. ನಾಳೆ ಮೊದಲ್ನೇ ಬಸ್ಸಿಗೆ ಬರ್ತೀನಿ. ಕಣ್ಣಿಗೆ ಕಾಣ್ಬೇಕು, ಮೂಗಿಗೆ ಬಡೀಬೇಕು. ಬಡಿದ್ರೆ ಆ ಕ್ಷಣಕ್ಕೇ ತಾಯಿ ಮಗೂನ ಕರ್ಕಂಡು ಹೋಗ್ತೀನಿ. ಇಲ್ಲಾಂದ್ರೆ ನೀನು ಮತ್ತೆ ಈ ಮಾತು ಎತ್ತಬಾರ್ದು."

ನಾಳೆ! ಇವತ್ತು ಸಂಜೆ ಆ ಶಹನವಾಜ್ ಬಂದು ಇಬ್ಬರೂ ಕೂಡಿ ಬಾಟ್ಲಿ ಬರಿದು ಮಾಡಿದರೆ? ನಾಳೆ ಅಣ್ಣ ಬಂದಾಗ ತೋರಿಸುವುದಕ್ಕೇನಿರುತ್ತದೆ, ಮೀನೇ? ದುರುಗಕ್ಕನಿಗೆ ಸಾಕ್ಷಿ ಬೇಕಿತ್ತು. ಅದೂ ವಾಸನೆ ಸಮೇತ. ಪ್ಲಾಸ್ಟಿಕ್ ಬಾಟ್ಲಿಯ ಮುಚ್ಚಳದಲ್ಲಿ ತೂತು ಇತ್ತು, ವಾಸನೆಯೆಲ್ಲ ಅಲ್ಲೇ ಸೋರಿ ಹೋಗುತ್ತದೆ. ಅವಳು ಅಡುಗೆಮನೆಯಲ್ಲಿ ಹುಡುಕಿ, ಜೇನುತುಪ್ಪ ಮುಗಿದಿದ್ದ ದಪ್ಪ ಗಾಜಿನ ಬಾಟ್ಲಿಯೊಂದನ್ನು ತಂದಳು. ತಗಡಿನ ಮುಚ್ಚಳ, ತಿರುಪಿದರೆ ಗಟ್ಟಿಯಾಗಿ ಕೂರುತ್ತದೆ. ರೇಣುಕ ಕೂಸಿನ ಜೊತೆ ನಿದ್ದೆ ಮಾಡುತ್ತಿದ್ದಳು. ದುರುಗಕ್ಕ ಕೈಗೆ ಬಟ್ಟೆ ಸುತ್ತಿಕೊಂಡು, ಮುಖ ಆಚೆ ತಿರುಗಿಸಿ, ಪರದೆ ಹಿಂದಿನ ಬಾಟ್ಲಿಯಿಂದ ಅರ್ಧದಷ್ಟನ್ನು ಗಾಜಿನ ಬಾಟ್ಲಿಗೆ ಕಂಠದವರೆಗೂ ಬಗ್ಗಿಸಿದಳು. ಕಡಿಮೆಯಾದದ್ದು ತಿಳಿಯಬಾರದೆಂದು ಅಷ್ಟೇ ನೀರು ಬೆರೆಸಿ, ಪೈಪನ್ನು ಮೊದಲಿನಂತೆ ಸಿಕ್ಕಿಸಿದಳು. ಎಷ್ಟು ಹುಷಾರಾಗಿದ್ದರೂ ಬಟ್ಟೆ ನೆನೆದು ಬೆರಳಿಗೆ ಸೋಕಿತು. ಅಯ್ಯೋ ಎಂದು ಹಿತ್ತಲಿಗೆ ಓಡಿ ಬೂದಿ ಹಚ್ಚಿ ಉಜ್ಜಿದಳು. ಚರ್ಮ ಕೆಂಪಾಗುವವರೆಗೂ ಉಜ್ಜಿ, ಯಾರೂ ನೋಡಲಿಲ್ಲ ತಾನೇ ಎಂದು ಅತ್ತಿತ್ತ ನೋಡಿದಳು. ನೋಡದಿದ್ದರೆ ಆಗಲಿಲ್ಲ ಎಂದೇ ಲೆಕ್ಕ ಎಂದುಕೊಂಡಳು.

ಗಾಜಿನ ಬಾಟ್ಲಿಯ ಮುಚ್ಚಳವನ್ನು ಶಕ್ತಿಯೆಲ್ಲ ಹಾಕಿ ತಿರುಪಿದಳು. ಇಡುವುದೆಲ್ಲಿ? ಹಿತ್ತಲ ಬಚ್ಚಲಮನೆಗೆ ಅವಳ ಹೊರತು ಬೇರೆಯವರು ಕಾಲಿಡುವುದು ಕಡಿಮೆ. ಬಾಣಂತಿಗೆ ನೀರು ಕಾಯಿಸುವ ಹಂಡೆ ಒಲೆ ಅಲ್ಲೇ ಇತ್ತು. ಒಲೆಯ ಪಕ್ಕದ ಸೌದೆಯ ಹಿಂದೆ ಬಾಟ್ಲಿಯನ್ನು ನಿಲ್ಲಿಸಿ ಮೇಲೆ ಎರಡು ಕೊರಡು ಇಟ್ಟಳು. ಬೇಸಿಗೆಯ ಸೆಕೆ, ಅದರ ಮೇಲೆ ಆರದ ಒಲೆ. ಮೊಸರು ಹೆಪ್ಪಾಗುವುದಕ್ಕೂ ಇಷ್ಟು ಬೆಚ್ಚಗಿನ ಜಾಗವನ್ನು ಯಾರೂ ಹುಡುಕುವುದಿಲ್ಲ.

ಸಂಜೆ ಶಹನವಾಜ್ ಬಂದ. ಇಬ್ಬರೂ ತೊಟ್ಟಿಯ ಮುಂದೆ ಕೂತು ತಲೆ ಕೆರೆದುಕೊಂಡರು. ಗುಳ್ಳೆ ತೀರಾ ನಿಧಾನವಾಗಿತ್ತು. ಈಸ್ಟು ಹಳೆಯದಿರಬೇಕು ಎಂದು ಶಹನವಾಜ್ ಚಹಾ ಕುಡಿದು ಹೋದ. ದುರುಗಕ್ಕ ಒಳಗೊಳಗೇ ಗೆದ್ದಳು.

ಬೆಳಿಗ್ಗೆ ಅವಳು ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ಹಂಡೆ ಕುದಿಯುತ್ತಿತ್ತು. ಅಣ್ಣನ ಬಸ್ಸು ಇಷ್ಟು ಹೊತ್ತಿಗೆ ಹೊರಟಿರುತ್ತದೆ ಎಂದು ಮನಸ್ಸು ಆ ಕಡೆಗೇ ಇತ್ತು. ಅಷ್ಟರಲ್ಲಿ ಬಾಗಿಲಲ್ಲಿ ವೀರೇಶ ನಿಂತ.

"ಅತ್ತೆ, ಆ ಬಾಟ್ಲಿ ಮುಟ್ಟಿದ್ರಾ? ನೀರು ಬೆರೆಸಿದಂಗೈತೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಸುಳ್ಳಲ್ಲ. ಅವಳ ಕಣ್ಣು ತಾನಾಗಿಯೇ ಸೌದೆಯ ಕಡೆ ಹೋಗಿಬಂತು. ವೀರೇಶನ ಕಣ್ಣೂ ಅದರ ಹಿಂದೆಯೇ ಹೋಯಿತು. ಒಳಗೆ ಬಂದು ಕೊರಡು ಸರಿಸಿದ. ಗಾಜಿನ ಬಾಟ್ಲಿಯೊಳಗೆ ನೊರೆ ಮೇಲೆದ್ದು ಮುಚ್ಚಳಕ್ಕೆ ಮುಟ್ಟಿತ್ತು. ತಗಡಿನ ಮುಚ್ಚಳ ಪೂರಿಯಂತೆ ಉಬ್ಬಿತ್ತು.

"ಕೂಸು ಎತ್ಕಂಡು ಹೊರಗೆ ನಡೀರಿ!"

"ಯಾಕೆ? ಸಾಕ್ಷಿ ಚೆಲ್ಲಾಕಾ? ಮುಟ್ಟಬ್ಯಾಡ ಅದನ್ನ!" ಅಳಿಯನನ್ನು ಎಂದೂ ಏಕವಚನದಲ್ಲಿ ಮಾತಾಡಿಸದ ದುರುಗಕ್ಕ ಅಂದು ಮಾತಾಡಿಸಿದಳು. ಒಂದು ಕೈಯಲ್ಲಿ ಸೋಪಿನಲ್ಲಿ ಜಾರುವ ಕೂಸನ್ನು ಹಿಡಿದು, ಇನ್ನೊಂದು ಕೈ ಅಡ್ಡ ಚಾಚಿದಳು. "ನನ್ನ ಅಣ್ಣ ಬರ್ತಾನೆ. ಬರೋ ತನಕ ಅದು ಅಲ್ಲೇ ಇರ್ಲಿ!"

"ಅತ್ತೆ, ನಿಮ್ ದಮ್ಮಯ್ಯ, ಮೊದ್ಲು ಹೋಗ್ರಿ!"

"ಹೋಗಾಕಿಲ್ಲ!"

ವಾದಕ್ಕೆ ಹೊತ್ತಿಲ್ಲವೆಂದು ಅವನಿಗೆ ಅನ್ನಿಸಿರಬೇಕು. ಬಟ್ಟೆ ಹಾಕುವ ಗಳುವಿನ ಮೇಲಿದ್ದ ಕಂಬಳಿ ಎಳೆದು ಬಾಟ್ಲಿಯ ಮೇಲೆ ಹಾಕಿದ. ಬೆಂಕಿಯ ಪಕ್ಕದಲ್ಲಿ ಅದನ್ನು ಬಿಡುವಂತಿರಲಿಲ್ಲ. ಕೂಸು ಮೊಳದಷ್ಟು ದೂರದಲ್ಲಿತ್ತು. ಅವಳಿಗೂ ಕೂಸಿಗೂ ಬೆನ್ನು ಅಡ್ಡ ಮಾಡಿ, ಕಂಬಳಿ ಸಮೇತ ಎದೆಗವಚಿ ಎತ್ತಿಕೊಂಡು ಬಾಗಿಲಿನ ಕಡೆ ತಿರುಗಿದ. ಹೊಸ್ತಿಲು ದಾಟಿರಲಿಲ್ಲ. ಪಟಾಕಿ ಸಿಡಿದಂತೆ ಸದ್ದಾಯಿತು. ಕೂಸು ಬೆಚ್ಚಿ ಕಿರುಚಿತು. ವೀರೇಶ ಗೋಡೆಗೆ ಒರಗಿದ. ಕಂಬಳಿಯಿಂದ ಮೊದಲು ನೊರೆ ಸುರಿಯಿತು, ಆಮೇಲೆ ರಕ್ತ.

ದುರುಗಕ್ಕ ಕೂಸಿನ ಮೈಯನ್ನೆಲ್ಲ ತಡವಿದಳು. ಒಂದು ಗೀರೂ ಇರಲಿಲ್ಲ. ಅಲ್ಲಿಯವರೆಗೆ ಅವಳ ತಲೆಯಲ್ಲಿ ತುಂಬಿದ್ದ ಮಾತೆಲ್ಲ ಒಂದೇ ಸಲಕ್ಕೆ ಖಾಲಿಯಾಯಿತು. ಗಾಜಿನದು ಸಿಡಿಯುತ್ತದೆ ಎಂದಿದ್ದ. ಹೇಳಿದ್ದೆಲ್ಲ ನಿಜ. ಒಂದೊಂದು ಮಾತೂ ನಿಜ.

ಬಾಯಿ ಬಡಿದುಕೊಂಡು ಬಂದ ರೇಣುಕಳ ಕೈಗೆ ಕೂಸನ್ನು ಕೊಟ್ಟು, ಫೋನು ಮಾಡಿದ ಕೂಡಲೇ ಓಡಿಬಂದ ಶಹನವಾಜ್ ಕರೆತಂದ ಆಟೋದಲ್ಲಿ ದುರುಗಕ್ಕನೇ ಅಳಿಯನ ಜೊತೆ ಹತ್ತಿದಳು. ಅಂಗೈ ಸೀಳಿತ್ತು, ಮುಂಗೈಯಲ್ಲಿ ಗಾಜು ಕೂತಿತ್ತು. ಅಂಗಿ, ಪ್ಯಾಂಟು, ತಲೆಗೂದಲು ಎಲ್ಲ ಆ ಹುಳಿ ನೀರಿನಲ್ಲಿ ತೊಯ್ದಿದ್ದವು. ದಾರಿಯುದ್ದಕ್ಕೂ ಅವನು ಹಲ್ಲು ಕಚ್ಚಿಕೊಂಡ, ಒಂದು ಸಲವೂ ಅವಳನ್ನು ದೂರಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ನರ್ಸಿಂಗ್ ಹೋಮಿನಲ್ಲಿ ಸಿಸ್ಟರ್ ಹತ್ತಿರ ಬಂದವಳೇ ಮೂಗು ಮುಚ್ಚಿಕೊಂಡಳು.

"ಬೆಳಿಗ್ಗೆ ಬೆಳಿಗ್ಗೇನೇ ಹಾಕ್ಕೊಂಡು ಬಾಟ್ಲಿ ಒಡ್ಕೊಂಡ್ರಾ? ನಿಜ ಹೇಳಿ, ಇಂಜೆಕ್ಷನ್ ಕೊಡಬೇಕು."

"ಇಲ್ಲ ಸಿಸ್ಟರ್, ನಾನು ಕುಡಿಯಾಕಿಲ್ಲ," ಅಂದ ವೀರೇಶ.

"ಎಲ್ರೂ ಹಂಗೇ ಅಂತಾರೆ."

"ಇಲ್ಲಮ್ಮ, ಅವ್ರು ಕುಡ್ದಿಲ್ಲ. ನಾನು ಕಂಡೀನಿ," ಎಂದಳು ದುರುಗಕ್ಕ. ಸಿಸ್ಟರ್ ಅವಳನ್ನು ಮೇಲಿಂದ ಕೆಳಗೆ ನೋಡಿ, ಅವನ ಬಾಯಿಯನ್ನೇ ಮೂಸಿ ನೋಡಿ ಒಳಗೆ ಕರೆದೊಯ್ದಳು. ಶಹನವಾಜ್ ಔಷಧಿ ತರಲು ಓಡಿದ.

ದುರುಗಕ್ಕ ಹೊರಗಿನ ಬೆಂಚಿನ ಮೇಲೆ ಕೂತಿರುವಾಗಲೇ ಮಾರಣ್ಣ ಬಂದ. ಬಸ್ಸಿಳಿದು ಮನೆಗೆ ಹೋಗಿ, ರೇಣುಕಳ ಅಳು ಕೇಳಿ, ಬಚ್ಚಲು ನೋಡಿ, ಬಿಸಿಲಲ್ಲಿ ನಡೆದು ಬಂದಿದ್ದ. ಹೊರಗೆ ಹೋದಾಗ ಸಂತೆಯ ನೀರು ಮುಟ್ಟುವವನಲ್ಲ. ಚೀಲದಲ್ಲಿ ತನ್ನದೇ ಹಿತ್ತಾಳೆ ಚೊಂಬು, ಅದಕ್ಕೆ ತನ್ನವರೇ ನೀರು ಹಿಡಿದು ಕೊಟ್ಟರೆ ಮಾತ್ರ ಕುಡಿಯುತ್ತಿದ್ದ. ಚೊಂಬನ್ನು ತಂಗಿಯ ಕೈಗೆ ಕೊಟ್ಟು ಉಸ್ಸೆಂದು ಕೂತ.

"ಒಂದೀಟು ನೀರು ಹಿಡ್ಕಂಬಾರವ್ವ. ಇನ್ನೇನು ಮೂಸ್ಲಿ? ಬಚ್ಚಲಾಗೂ ಅದೇ, ಇಲ್ಲೂ ಅದೇ. ನೀನು ಹೇಳಿದ್ದು ಖರೆ. ರೇಣುಕಂಗೆ ಗಂಟು ಕಟ್ಟು ಅಂತ ಹೇಳಿ ಬಂದೀನಿ. ಮಧ್ಯಾಹ್ನದ ಬಸ್ಸಿಗೆ ಹೊರಡಾನ."

ಅವಳು ನಲ್ಲಿಯಲ್ಲಿ ನೀರು ಹಿಡಿದು ತಂದುಕೊಟ್ಟಳು. ನಿನ್ನೆ ಬೇಡಿಕೊಂಡದ್ದು ಇವತ್ತು ಕೈಗೆ ಬಂದಿತ್ತು. ಸುಮ್ಮನಿದ್ದರೆ ಸಾಕಿತ್ತು.

"ಅಣ್ಣ, ಬ್ಯಾಡ. ಅವ್ರು ಕುಡ್ದಿಲ್ಲ. ತಪ್ಪು ತಿಳ್ಕಂಡಿದ್ದು ನಾನು. ಅದು ಗಿಡಕ್ಕೆ. ಈಸ್ಟು ಸಕ್ರೆ ತಿಂದು ಗಾಳಿ ಬಿಡ್ತೈತೆ, ಆ ಗಾಳಿ ನೀರೊಳಗಿನ ಗಿಡ ಎಳ್ಕಂತಾವೆ..." ಹೇಳುತ್ತ ಹೇಳುತ್ತ ಅವಳಿಗೇ ಅದು ಎಂಥ ಕಟ್ಟುಕಥೆಯಂತೆ ಕೇಳಿಸಿತೆಂದರೆ, ದನಿ ಕುಗ್ಗಿಹೋಯಿತು.

ಮಾರಣ್ಣ ಸಿಟ್ಟಾಗಲಿಲ್ಲ. ಅದಕ್ಕಿಂತ ಕೆಟ್ಟದ್ದು, ಮರುಕದಿಂದ ನೋಡಿದ.

"ದುರುಗಿ, ನಿನ್ನ ಗಂಡನ ಕಾಲದಾಗೂ ನೀನು ಹಿಂಗೇ ನಿಂತು ಹಿಂಗೇ ಹೇಳ್ತಿದ್ದೆ. ಮೈಮೇಲೆ ಬಾಸುಂಡೆ ಇಟ್ಕಂಡು ಜಾರಿ ಬಿದ್ದೆ ಅಂದೋಳು ನೀನು. ಆವತ್ತು ನಿನ್ನ ಮಾತು ನಂಬಿ ಬಿಟ್ಟು ಹೋದೆ, ಅದು ಇವತ್ತಿಗೂ ನನ್ನ ಎದೆಯಾಗೈತೆ. ಇನ್ನೊಂದು ಸಲ ನಂಬಾಕಿಲ್ಲ. ಮಗಳ ಮನೆ ಉಳಿಸಾಕೆ ಸುಳ್ಳು ಹೇಳ್ತೀಯ, ಹೇಳು. ತಾಯಿ ಅಲ್ವಾ."

ಯತ್ತಪ್ಪನಿಗಾಗಿ ಆಡಿದ ಸುಳ್ಳುಗಳೆಲ್ಲ ಸಾಲಾಗಿ ಬಂದು ವೀರೇಶನ ಬಾಗಿಲಿಗೆ ಅಡ್ಡ ನಿಂತಿದ್ದವು. ನಿಜ ಹೇಳಿದರೂ ಎದುರಿನವರು, ತಾನು ವೀರೇಶನಿಗೆ ಅಂದ ಹಾಗೆ, ಬರೀ ಹೂಂ ಅಂದರೆ ಎಷ್ಟು ಉರಿಯುತ್ತದೆ ಎಂದು ಅವಳಿಗೆ ಆಗ ತಿಳಿಯಿತು. ಒಳಗೆ ಹೊಲಿಗೆ ಹಾಕುತ್ತಿದ್ದರು, ವೀರೇಶನ ನರಳಾಟ ಕೇಳಿಸಿತು. ಮಾರಣ್ಣ ತಲೆ ಹಿಂದಕ್ಕೆ ಬಾಗಿಸಿ ಚೊಂಬು ಎತ್ತಿದ.

"ಎತ್ತಿನ ಆಣೆ, ಅಣ್ಣ."

ಎತ್ತಿದ ಚೊಂಬು ಅಲ್ಲೇ ನಿಂತಿತು. ಅವರ ಹಟ್ಟಿಯಲ್ಲಿ ದೇವರ ಎತ್ತಿನ ಆಣೆ ಇಟ್ಟು ಸುಳ್ಳಾಡಿದವರಿಲ್ಲ. ಯತ್ತಪ್ಪನ ಕಾಲದಲ್ಲಿ ಅಷ್ಟೆಲ್ಲ ಸುಳ್ಳು ಹೇಳಿದಾಗಲೂ ಆ ಆಣೆಯನ್ನು ಅವಳು ಬಾಯಿಗೆ ತಂದಿರಲಿಲ್ಲ.

"ದೇವರ ಎತ್ತಿನ ಆಣೆ. ಅದನ್ನ ಗಾಜಿನ ಬಾಟ್ಲಿಗೆ ಬಗ್ಗಿಸಿದ್ದು ಈ ಕೈ. ಮುಚ್ಚಬ್ಯಾಡ್ರಿ ಅಂತ ಅವ್ರು ಹೇಳಿದ್ರೂ ಬಿಗಿಯಾಗಿ ಮುಚ್ಚಿದ್ದು ಈ ಕೈ. ನಿನಗೆ ತೋರ್ಸಾಕೆ ಅಂತ ಒಲೆ ಪಕ್ಕ ಇಟ್ಟೆ. ಅದು ಸಿಡಿಯೋ ಹೊತ್ನಾಗೆ ಅವ್ರು ಕೂಸಿಗೆ ಬೆನ್ನು ಕೊಟ್ರು. ಬಗ್ಗಿಸೋವಾಗ ಬೆರಳಿಗೆ ಸೋಕ್ತು, ಯಾರಿಗೂ ಹೇಳ್ಲಿಲ್ಲ. ಹೆಂಡ ಮುಟ್ಟಿದೋಳು ನಾನು, ಅವ್ರಲ್ಲ."

ಮಾರಣ್ಣ ತಂಗಿಯ ಮುಖವನ್ನೇ ನೋಡಿದ. ಆಮೇಲೆ ಅವಳ ಕೈ ನೋಡಿದ. ನಿಧಾನಕ್ಕೆ ಚೊಂಬನ್ನು ಕೆಳಗಿಳಿಸಿದ. ಬಿಸಿಲಿಗೆ ಅವನ ತುಟಿ ಒಣಗಿ ಬಿರಿದಿತ್ತು. ಎದ್ದು ಅಂಗಳದ ಬೇವಿನ ಮರದ ಬುಡಕ್ಕೆ ಹೋಗಿ ಅಷ್ಟೂ ನೀರನ್ನು ಚೆಲ್ಲಿದ. ಮಣ್ಣು ಹಚ್ಚಿ ಚೊಂಬನ್ನು ಒಳಗೂ ಹೊರಗೂ ಉಜ್ಜಿದ. ತಾನೇ ನಲ್ಲಿಗೆ ಹಿಡಿದು ಗಟಗಟ ಕುಡಿದ. ತಿರುಗಿ ಬಂದವನು ಬೆಂಚಿಗೆ ಬರಲಿಲ್ಲ, ಮಾರುದೂರದಲ್ಲಿ ನಿಂತ.

"ಹುಡುಗಿ ಗಂಡನ ಮನೆಯಾಗೇ ಇರ್ಲಿ," ಅಂದ. "ನೀನು... ಹಿರೇರು ಕೂತು ಹೇಳೋ ತನಕ ಹಟ್ಟಿ ಕಡೆ ಬರಬ್ಯಾಡವ್ವ."

ದುರುಗಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳಿಗೆ ಅಳು ತಡೆಯಲಾಗಲಿಲ್ಲ. ಆದರೆ ಅಣ್ಣ ನಂಬಿದ್ದ.